ಲೋಗೋ ಬಣ್ಣ ಬದಲಿಸೋಕೆ ಪೇಂಟ್ ಬಕೆಟ್ ಬೇಡ, ಸರ್

ಸರ್, ಸಂಘದ ಕಪ್ಪು ಲೋಗೋ ಕೆಂಪು ಮಾಡೋಕೆ ಫೋಟೋಶಾಪಿನ ಪೇಂಟ್ ಬಕೆಟ್ (ಬಣ್ಣ ತುಂಬುವ ಟೂಲ್) ಹಾಕಿದ್ದೀರಿ. ಎಷ್ಟು ಹತ್ತಿರದ ಬಣ್ಣವನ್ನೂ ಹಿಡಿಯಬೇಕು ಅನ್ನೋ ಟಾಲರೆನ್ಸ್ 32ರಿಂದ 90ಕ್ಕೆ ಏರಿಸಿದರೂ ಅಂಚಿನ ಬೂದು ಗೆರೆ ಹೋಗ್ತಿಲ್ಲ ಅಂತ ಬರೆದಿದ್ದೀರಿ. ಇನ್ನೂ ಏರಿಸಬೇಡಿ, ಅಂಚು ಗರಗಸದ ಹಾಗೆ ಆಗುತ್ತದೆ ಅಷ್ಟೇ.

ಇದೇ ತಪ್ಪು ನಾನೂ ಮಾಡಿದ್ದೆ. ಇಲ್ಲೇ ಪುಣೆಯಲ್ಲಿ, ರಾಜ್ಯೋತ್ಸವದ ಬ್ಯಾನರಿಗೆ. ಲ್ಯಾಪ್‌ಟಾಪಿನಲ್ಲಿ ಲೋಗೋ ಚೆನ್ನಾಗಿಯೇ ಕಾಣುತ್ತಿತ್ತು. 10 ಅಡಿ ಫ್ಲೆಕ್ಸ್ ಬಿಚ್ಚಿದಾಗ ಹಳದಿ ಹಿನ್ನೆಲೆಯ ಮೇಲೆ ಪ್ರತಿ ಅಕ್ಷರದ ಸುತ್ತ ಕೊಳೆ ಮೆತ್ತಿದ ಹಾಗೆ ಬೂದು ಗೆರೆ. ಪ್ರೆಸ್‌ನವರು "ಫಾಯಲ್ ಮಧೇಚ್ ತಸಂ ಆಹೇ" ಅಂದರು. ನಿಜ, ಫೈಲಿನಲ್ಲೇ ಇತ್ತು. ಮರುದಿನ ಬೆಳಿಗ್ಗೆ ಕಾರ್ಯಕ್ರಮ, ಅದನ್ನೇ ಕಟ್ಟಿದೆವು. ಯಾರೂ ಏನೂ ಅನ್ನಲಿಲ್ಲ. ಆದರೆ ಆ ದಿನದ ಫೋಟೋ ಈಗ ನೋಡಿದರೂ ನನ್ನ ಕಣ್ಣು ಮೊದಲು ಆ ಅಂಚಿಗೇ ಹೋಗುತ್ತದೆ.

ಅಂಚಿನ ಪಿಕ್ಸೆಲ್‌ಗಳು ಪೂರ್ತಿ ಕಪ್ಪೂ ಅಲ್ಲ, ಪೂರ್ತಿ ಬಿಳಿಯೂ ಅಲ್ಲ. ಆ ನಡುವಿನದನ್ನು ಬಕೆಟ್ ಸರಿಯಾಗಿ ಹಿಡಿಯಲ್ಲ. ಜೆಪೆಗ್ ಆದರೆ ಸುತ್ತ ಧೂಳಿನಂಥ ಚುಕ್ಕೆ ಬೇರೆ.

ನಾನು ಆಮೇಲೆ ಹಿಡಿದದ್ದು ಮಾಸ್ಕ್ ದಾರಿ. ಮಾಸ್ಕ್ ಅಂದರೆ ಲೇಯರ್ ಎಲ್ಲಿ ಕಾಣಬೇಕು ಅಂತ ಹೇಳುವ ಕಪ್ಪು-ಬಿಳಿ ಚಿತ್ರ, ಬಿಳಿ ಇದ್ದ ಕಡೆ ಕಾಣುತ್ತದೆ, ಕಪ್ಪಿದ್ದ ಕಡೆ ಇಲ್ಲ. ಫೋಟೋಶಾಪ್‌ನಲ್ಲಿ ಲೋಗೋ ತೆರೆದು ಕಂಟ್ರೋಲ್ ಎ, ಕಂಟ್ರೋಲ್ ಸಿ. ಮೇಲೊಂದು ಸಾಲಿಡ್ ಕಲರ್ ಲೇಯರ್, ನಿಮ್ಮ ಕೆಂಪು ಕೊಡಿ. ಅದರ ಮಾಸ್ಕ್ ಮೇಲೆ ಆಲ್ಟ್ ಒತ್ತಿ ಕ್ಲಿಕ್ ಮಾಡಿ, ಪೇಸ್ಟ್ ಮಾಡಿ, ಕಂಟ್ರೋಲ್ ಐ ಒತ್ತಿ ಕಪ್ಪು-ಬಿಳಿ ಅದಲುಬದಲು ಮಾಡಿ. ಮತ್ತೆ ಆಲ್ಟ್ ಕ್ಲಿಕ್ ಮಾಡಿ ಹೊರಗೆ ಬನ್ನಿ. ಈಗ ಕಪ್ಪಿದ್ದ ಕಡೆ ಕೆಂಪು, ಬೂದು ಇದ್ದ ಕಡೆ ಅರ್ಧ ಕೆಂಪು. ಅಂಚು ನುಣ್ಣಗೆ ಉಳಿಯೋದು ಅದರಿಂದಲೇ. ಹಳೆ ಲೇಯರಿನ ಕಣ್ಣು ಮುಚ್ಚಿ. ಮಾಸ್ಕ್ ಮೇಲೇ ಇದ್ದು ಕಂಟ್ರೋಲ್ ಎಲ್ ಒತ್ತಿ ಲೆವೆಲ್ಸ್ ತೆರೆದು, ಎರಡೂ ತುದಿಯ ತ್ರಿಕೋನ ಸ್ವಲ್ಪ ಒಳಗೆ ಎಳೆದರೆ ಧೂಳು ಹೋಗುತ್ತದೆ. ಸ್ವಲ್ಪ ಅಂದರೆ ಸ್ವಲ್ಪವೇ. ನಾಳೆ ಅಧ್ಯಕ್ಷರು "ಕೆಂಪು ಬೇಡ, ಹಸಿರು ಮಾಡಿ" ಅಂದರೂ ಬಣ್ಣದ ಚೌಕದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಆಯ್ತು.

ಇದು ಬಿಳಿ ಮೇಲಿನ ಒಂದೇ ಗಾಢ ಬಣ್ಣದ ಲೋಗೋಗೆ ಮಾತ್ರ. ಕಪ್ಪಿನ ಮೇಲೆ ಬಿಳಿ ಇದ್ದರೆ ಕಂಟ್ರೋಲ್ ಐ ಬೇಡ. ಹಿನ್ನೆಲೆ ಇಲ್ಲದ ಪಿಎನ್‌ಜಿ ಇದ್ದರೆ ಇಷ್ಟೆಲ್ಲ ಯಾಕೆ, ಕಲರ್ ಓವರ್‌ಲೇ ಸಾಕು. ಮೆನುಗಳೆಲ್ಲ ಮಂಕಾಗಿ ಒತ್ತೋಕೇ ಬರದಿದ್ದರೆ ಫೈಲ್ ಇಂಡೆಕ್ಸ್ಡ್ ಕಲರ್‌ನಲ್ಲಿರುತ್ತದೆ, ಮೋಡ್‌ಗೆ ಹೋಗಿ ಆರ್‌ಜಿಬಿ ಮಾಡಿ. ನಿಮ್ಮ ಪೋಸ್ಟಿನ ಕೆಳಗೆ ಒಬ್ಬರು ಹ್ಯೂ (ಬಣ್ಣದ ಬಗೆ) ಸ್ಲೈಡರ್ ಎಳೆಯಿರಿ ಅಂದಿದ್ದಾರೆ. ಕಪ್ಪಿಗೆ ಹ್ಯೂ ಎಲ್ಲಿಂದ ಬರಬೇಕು? ಸುಮ್ನೆ ಹೊತ್ತು ಹಾಳು.

ಫೋಟೋಶಾಪ್‌ಗೆ ದುಡ್ಡು ಕೊಡಲೇಬೇಕು ಅಂತಿಲ್ಲ. ಗಿಂಪ್‌ನಲ್ಲಿ ಕಲರ್ ಟು ಆಲ್ಫಾ ಕೊಟ್ಟು ಬಿಳಿ ತೆಗೆಯಿರಿ, ಆಲ್ಫಾ (ಪಾರದರ್ಶಕತೆ) ಲಾಕ್ ಮಾಡಿ, ಇಡೀ ಲೇಯರಿಗೆ ಬಣ್ಣ ತುಂಬಿ. ಬಿಳಿ ತೆಗೆಯೋದರಲ್ಲಿ ನನಗೆ ಫೋಟೋಶಾಪ್‌ಗಿಂತ ಗಿಂಪೇ ಇಷ್ಟ. ಕ್ಯಾನ್ವಾ ಪೋಸ್ಟರಿಗೆ ಸರಿ, ಈ ಕೆಲಸಕ್ಕೆ ನಾನು ಹೇಳಲ್ಲ.

ಇನ್ನೊಂದು ಮಾತು, ಬೇಜಾರಾಗಬೇಡಿ. ಲೋಗೋವನ್ನು ವಾಟ್ಸಾಪ್ ಡಿಪಿಯಿಂದ ತೆಗೆದಿದ್ದೀರಿ ಅಲ್ವಾ? ದಯವಿಟ್ಟು ಅದನ್ನು ಬಿಡಿ. ಮೊದಲು ಲೋಗೋ ಮಾಡಿದವರ ಹತ್ತಿರ ಕೋರಲ್ ಫೈಲೋ ಎಸ್‌ವಿಜಿಯೋ ಇದೆಯಾ ಕೇಳಿ. ಸಿಕ್ಕರೆ ಕೋರಲ್‌ನಲ್ಲೋ ಇಂಕ್‌ಸ್ಕೇಪ್‌ನಲ್ಲೋ ಅರ್ಧ ನಿಮಿಷದ ಕೆಲಸ, ಅವು ಪಿಕ್ಸೆಲ್ ಅಲ್ಲದ ವೆಕ್ಟರ್ ಫೈಲುಗಳು, ಎಷ್ಟು ಅಡಿ ಹಿಗ್ಗಿಸಿದರೂ ಅಂಚು ಒಡೆಯಲ್ಲ. ವಾಟ್ಸಾಪ್‌ನಲ್ಲೇ ಕಳಿಸಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಲಿ.

ಪ್ರಿಂಟಿಗೆ ಕೆಂಪು ಸಿಎಂವೈಕೆಯಲ್ಲೇ (ಪ್ರೆಸ್ಸಿನ ನಾಲ್ಕು ಶಾಯಿಗಳ ಲೆಕ್ಕದಲ್ಲಿ) ಕೊಡಿ: ಮೆಜೆಂಟಾ 100, ಹಳದಿ 100, ಉಳಿದೆರಡು ಸೊನ್ನೆ. ಸ್ಕ್ರೀನಿನ ಹೊಳೆಯುವ ಹಸಿರು, ಕಿತ್ತಳೆ ಫ್ಲೆಕ್ಸ್‌ನಲ್ಲಿ ಮಂಕಾಗುತ್ತವೆ. ಕನ್ನಡ ಅಕ್ಷರಗಳನ್ನು ಪ್ರೆಸ್‌ಗೆ ಕೊಡುವ ಮೊದಲು ಕರ್ವ್ಸ್ (ಫಾಂಟ್ ಬೇಡದ ಗೆರೆ ಆಕಾರ) ಮಾಡಿ, ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ. ಅವರ ಹತ್ತಿರ ಮರಾಠಿ ಫಾಂಟ್ ಬೇಕಾದಷ್ಟು ಇರುತ್ತವೆ, ನಮ್ಮದು ಇರಲ್ಲ.

ಮಾಸ್ಕ್ ಮುಗಿದ ಮೇಲೆ ಕೆಳಗೊಂದು ಹಳದಿ ಲೇಯರ್ ಇಟ್ಟು, ಅಂಚನ್ನು 200% ಹಿಗ್ಗಿಸಿ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ. ಪ್ರಿಂಟಿಗೆ ಕೊಡೋ ಮೊದಲೇ ಹಾಕಿ, ನೋಡಿ ಹೇಳುತ್ತೇನೆ.