ಅಂಡರ್‌ಗ್ರೌಂಡ್ ಟೆಕ್ನೋ ಸಂಗೀತದ ಭಾವ ಎಂಥದ್ದು?

"ಹಾಡೇ ಇಲ್ಲ, ಬರೀ ಡಬ್ ಡಬ್ ಸದ್ದು, ಇದರಲ್ಲಿ ಭಾವ ಎಲ್ಲಿದೆ?" ಅಂತ ಕೇಳಿದ್ದೀರಿ. ಆ ಡಬ್ ಡಬ್‌ನಲ್ಲೇ ಇದೆ. ಟೆಕ್ನೋ ಎಂದರೆ ಯಂತ್ರಗಳಲ್ಲಿ ಕಟ್ಟಿದ ಕುಣಿತದ ಸಂಗೀತ; ಅಂಡರ್‌ಗ್ರೌಂಡ್ ಎಂದರೆ ಜನಪ್ರಿಯ ಮಾರುಕಟ್ಟೆಯಿಂದ ದೂರ ಉಳಿದದ್ದು. ನಿಮಿಷಕ್ಕೆ ಸುಮಾರು 125ರಿಂದ 145 ಪೆಟ್ಟು. ಪಲ್ಲವಿಯೂ ಇಲ್ಲ, ಚರಣವೂ ಇಲ್ಲ. ಐದಾರು ನಿಮಿಷ ಕಳೆದ ಮೇಲೆ ಕಿವಿ ಪೆಟ್ಟನ್ನು ಎಣಿಸುವುದು ಬಿಡುತ್ತದೆ. ಆಗ ಸಣ್ಣ ಬದಲಾವಣೆಗಳೇ ದೊಡ್ಡದಾಗಿ ಕೇಳಿಸುತ್ತವೆ: ಹೈ-ಹ್ಯಾಟ್‌ನ (ಡ್ರಮ್ ಸೆಟ್ಟಿನ ತಾಳ) ಸದ್ದು ಬಂದು ಸೇರಿತು, ಬೇಸ್ (ತಗ್ಗಿನ ದನಿ) ತುಸು ಜಾರಿತು, ಎಲ್ಲೋ ದೂರದಲ್ಲಿ ಒಂದು ಸ್ವರ ಮಂಜಿನಿಂದ ಹೊರಬಂದಂತೆ ನಿಧಾನಕ್ಕೆ ತೆರೆದುಕೊಂಡಿತು.

ಕೊಡಗಿನವರಿಗೆ ಈ ಅನುಭವ ಹೊಸತಲ್ಲ. ಕಕ್ಕಡದ (ಆಟಿ ತಿಂಗಳ) ಮಳೆ ತಗಡಿನ ಮಾಡಿಗೆ ರಾತ್ರಿಯಿಡೀ ಹೊಡೆಯುವಾಗ ಮಲಗಿ ಕೇಳಿದ್ದೀರಲ್ಲ? ಸುಗ್ಗಿ ಹಬ್ಬ ಪುತ್ತರಿಯಲ್ಲಿ ದುಡಿ ಎಂಬ ಸಣ್ಣ ಚರ್ಮವಾದ್ಯದ ಪೆಟ್ಟಿನ ಮೇಲೆ ಪಾಟ್ (ಹಾಡು) ಸಾಗುತ್ತಲೇ ಇರುವಾಗ? ಎರಡಕ್ಕೂ ಟೆಕ್ನೋಗೂ ನಂಟಿಲ್ಲ, ಆದರೆ ಕೇಳುವ ಮನಸ್ಸು ಒಂದೇ.

ಟೆಕ್ನೋ ಹುಟ್ಟಿದ್ದು 1980ರ ದಶಕದ ಅಮೆರಿಕದ ಡೆಟ್ರಾಯಿಟ್‌ನಲ್ಲಿ, ಕಾರು ಉದ್ಯಮ ಕುಸಿದು ಜನ ಬಿಟ್ಟುಹೋಗುತ್ತಿದ್ದ ಊರಿನಲ್ಲಿ. ಹುವಾನ್ ಅಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಕಪ್ಪು ಯುವಕರು ಡ್ರಮ್ ಮಷಿನ್, ಸಿಂಥಸೈಜರ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯ) ಗಳಲ್ಲಿ ಅದನ್ನು ಕಟ್ಟಿದರು. ಯಂತ್ರದ ತಣ್ಣಗಿನ ಸದ್ದು, ಒಳಗೆ ಒಂಟಿತನ, ಅದರ ಜೊತೆಗೇ ಭವಿಷ್ಯದ ಆಸೆ. ನನಗಂತೂ ಈ ಆಸೆಯೇ ಅದರ ಜೀವ. 1991ರಲ್ಲಿ ಬರ್ಲಿನ್‌ನ ಹಳೆಯ ಅಂಗಡಿಯೊಂದರ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ ಟ್ರೆಸರ್ ಕ್ಲಬ್ ಶುರುವಾಯಿತು. ಅಲ್ಲಿನ ಕತ್ತಲಲ್ಲಿ ಯಾರ ಮುಖವೂ ಮುಖ್ಯವಾಗಿರಲಿಲ್ಲ, ಸದ್ದು ಮಾತ್ರ.

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ, ಬೇಸ್ ಸಿಗುವುದಿಲ್ಲ. ಹೆಡ್‌ಫೋನ್ ಹಾಕಿ, ದೀಪ ಆರಿಸಿ, ಒಂದು ಗಂಟೆಯ ಡಿಜೆ ಸೆಟ್ (ಒಂದರ ಹಿಂದೊಂದು ಟ್ರ್ಯಾಕ್ ಬೆಸೆದು ನುಡಿಸುವುದು) ಪೂರ್ತಿ ಕೇಳಿ.