ಟೀ ಅಂಗಡಿಯಾಕೆ ಬೇಡ ಅಂದದ್ದನ್ನು ಬರೆಯಿರಿ

ಪ್ರೀತಿಯ ಲೇಖಕಿಗೆ,

ಬೀದಿ ಬೀದಿಯಲ್ಲಿ ಜನರಿಗಾಗಿ ಪ್ರಾರ್ಥಿಸಿ ಬಂದ ಪ್ರಯಾಣದ ಬಗ್ಗೆ ನೀವು ಬರೆದ ‘ನೇಪಾಳದಲ್ಲಿ ಹತ್ತು ದಿನ’ ಬರಹ ಕೈಸೇರಿ ಮೂರು ವಾರವಾಯಿತು. ಮೂರು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲಾರೆ. ಉತ್ತರಕ್ಕೆ ಕಾದಿರುವವರಿಗೆ ಸುತ್ತಿ ಬಳಸಿ ಹೇಳಬಾರದೆಂದು ಇದನ್ನು ಮೊದಲೇ ಹೇಳಿಬಿಟ್ಟೆ. ಆದರೆ ಹಾಗೇ ವಾಪಸ್ ಕಳಿಸಲೂ ಮನಸ್ಸು ಬರಲಿಲ್ಲ. ಹದಿನಾಲ್ಕು ಪುಟಗಳಲ್ಲಿ ಅಲ್ಲಲ್ಲಿ ಸೇರಿಸಿದರೆ ಅರ್ಧ ಪುಟದಷ್ಟು ತುಂಬ ಒಳ್ಳೆಯ ಬರವಣಿಗೆ ಇದೆ. ಅದು ನಿಮ್ಮ ಕಣ್ಣಿಗೇ ಬಿದ್ದಿಲ್ಲವೇನೋ ಅನ್ನಿಸಿ ಇಷ್ಟುದ್ದ ಬರೆಯುತ್ತಿದ್ದೇನೆ.

ಒಂದು ಮಾತು. ನಾನೂ ಕ್ರೈಸ್ತರ ಮನೆಯಲ್ಲಿ ಹುಟ್ಟಿದವಳು, ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಬೆಳೆದವಳು. ಹಾಗಾಗಿ ಮುಂದೆ ಹೇಳುವುದನ್ನು ನಿಮ್ಮ ನಂಬಿಕೆಯ ಮೇಲಿನ ಆಕ್ಷೇಪ ಎಂದು ಓದಬೇಡಿ. ಪ್ರಾರ್ಥನೆ ಮಾಡಿದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಯಾರಿಗಾಗಿ ಪ್ರಾರ್ಥಿಸಿದಿರೋ ಆ ಮನುಷ್ಯರು ನಿಮ್ಮ ಬರಹದಲ್ಲಿ ಇಲ್ಲ. ನನ್ನ ದೂರು ಅಷ್ಟೇ.

ಮಂಡ್ಯದ ನಿಮ್ಮ ಚರ್ಚಿನ ಸಭೆಯಿಂದ ಹನ್ನೊಂದು ಜನ ಹೋದಿರಿ. ಗೋರಖ್‌ಪುರದವರೆಗೆ ರೈಲು, ಅಲ್ಲಿಂದ ಸುನೌಲಿ ಗಡಿ ದಾಟಿ ಕಠ್ಮಂಡುವಿಗೆ ಬಸ್ಸು. ಮೊದಲ ಮೂರು ಪುಟ ಪೂರ್ತಿ ಇದೇ ಇದೆ: ಸೀಟು ಸಿಗಲಿಲ್ಲ, ಊಟ ಹಿಡಿಸಲಿಲ್ಲ, ಪಾಸ್ಟರ್ ಅಯ್ಯನವರು ಧೈರ್ಯ ಹೇಳಿದರು. ಇದನ್ನು ನಾಲ್ಕು ಸಾಲಿಗೆ ಇಳಿಸಿ. ಆದರೆ ಅಲ್ಲೇ ಒಂದು ವಾಕ್ಯವಿದೆ: “ಗಡಿ ದಾಟಿದ ಮೇಲೆ ಎಲ್ಲರೂ ಗಡಿಯಾರವನ್ನು ಕಾಲು ಗಂಟೆ ಮುಂದಕ್ಕೆ ತಿರುಗಿಸಿಕೊಂಡೆವು.” ಅದನ್ನು ಉಳಿಸಿಕೊಳ್ಳಿ. ಬೇರೆ ದೇಶಕ್ಕೆ ಬಂದೆವು ಎನ್ನುವುದನ್ನು ಆ ಕಾಲು ಗಂಟೆ ಹೇಳುವಷ್ಟು ಚೆನ್ನಾಗಿ ಹಿಮಾಲಯದ ಮೇಲಿನ ನಿಮ್ಮ ಒಂದು ಪುಟದ ವರ್ಣನೆ ಹೇಳುವುದಿಲ್ಲ. ಅದು ನಿಮ್ಮ ಕಣ್ಣಿಗೆ ಬಿದ್ದದ್ದು. ಹಿಮಾಲಯ ಎಲ್ಲರೂ ಬರೆಯುವಂಥದ್ದು.

ಇನ್ನು ಊರೊಳಗಿನ ಭಾಗ. “ನಲವತ್ತಾರು ಜನರಿಗಾಗಿ ಪ್ರಾರ್ಥಿಸಿದೆವು” ಎಂದು ಐದನೇ ಪುಟದಲ್ಲಿ ಬರೆದಿದ್ದೀರಿ. ಹನ್ನೆರಡನೇ ಪುಟದಲ್ಲಿ ಮತ್ತೆ ಅದೇ ಲೆಕ್ಕ. ಆ ನಲವತ್ತಾರರಲ್ಲಿ ಎಷ್ಟು ಜನರ ಮುಖ ನಿಮಗೆ ನೆನಪಿದೆ? ಓದಿದ ನನಗೆ ಒಬ್ಬರದೂ ಕಾಣಲಿಲ್ಲ. “ಒಬ್ಬ ಮುದುಕ ಕಣ್ಣೀರಿಟ್ಟ”, “ಒಬ್ಬ ಯುವಕನ ಹೃದಯ ಮುಟ್ಟಲ್ಪಟ್ಟಿತು”, “ಒಬ್ಬ ತಾಯಿ ಸಮಾಧಾನ ಹೊಂದಿದಳು.” ಆ ಮುದುಕ ಯಾಕೆ ಅತ್ತ? ಭಾರ ಹೊರುವವನೇ, ಮಗನನ್ನು ಕಳಕೊಂಡವನೇ, ಚಳಿಗೆ ಕಣ್ಣಲ್ಲಿ ನೀರು ಬಂತೇ? ನೀವು ಕೇಳಿದ್ದರೆ ಬರೆಯಿರಿ. ಕೇಳಿಲ್ಲದಿದ್ದರೆ, ಕೇಳಲಿಲ್ಲ ಎಂದೇ ಬರೆಯಿರಿ. ಆ ಒಂದು ಸಾಲನ್ನು ಓದುಗ ನಂಬುತ್ತಾನೆ.

ಭಾಷೆಯ ವಿಚಾರ ಬೇಗ ಮುಗಿಸುತ್ತೇನೆ. “ಆತ್ಮಗಳ ಭಾರ”, “ಕರ್ತನು ಬಾಗಿಲು ತೆರೆದನು”, “ಕೊಯ್ಲು ಬಹಳ” ಇವೆಲ್ಲ ಭಾನುವಾರ ಸಭೆಯಲ್ಲಿ ಸಾಕ್ಷಿ ಹೇಳುವಾಗ ಸರಿಯಾಗಿಯೇ ಕೇಳಿಸುತ್ತವೆ, ಕೂತವರಿಗೆಲ್ಲ ಆ ಮಾತುಗಳ ಹಿಂದಿರುವುದು ಗೊತ್ತು. ನಮ್ಮ ಓದುಗರಲ್ಲಿ ಹೆಚ್ಚಿನವರು ಚರ್ಚಿನ ಒಳಗೆ ಕಾಲಿಟ್ಟವರಲ್ಲ. ಅವರಿಗೆ ‘ಭಾರ’ ಅಂದರೆ ಮೂಟೆ. ನಿಮಗೆ ಆ ರಾತ್ರಿ ನಿದ್ದೆ ಬರಲಿಲ್ಲವೇ, ಊಟ ಸೇರಲಿಲ್ಲವೇ, ಯಾರದಾದರೂ ಕೆಮ್ಮು ಕಿವಿಯಲ್ಲೇ ಉಳಿಯಿತೇ, ಅದನ್ನು ಹೇಳಿ. ‘ಭಾರ’ ತಾನಾಗಿ ತಿಳಿಯುತ್ತದೆ.

ಈಗ ಏಳನೇ ಪುಟ, ಕಠ್ಮಂಡುವಿನ ಪಕ್ಕದ ಪಾಟನ್ ಊರಿನದು. ನಾನು ಈ ಪತ್ರ ಬರೆಯಲು ಕಾರಣವೇ ಆ ಪುಟ. ನೀವು ಬರೆದದ್ದನ್ನು ಇಲ್ಲಿ ಇಳಿಸುತ್ತೇನೆ, ಇನ್ನೊಮ್ಮೆ ಓದಿಕೊಳ್ಳಿ:

“ಪಾಟನ್‌ನ ಒಂದು ಸಂದಿಯಲ್ಲಿ ಟೀ ಅಂಗಡಿ ಇತ್ತು. ಅಂಗಡಿಯಾಕೆ ಒಲೆ ಮುಂದೆ ಕೂತಿದ್ದಳು. ನಿಮಗಾಗಿ ಪ್ರಾರ್ಥಿಸಬಹುದೇ ಎಂದು ಕೇಳಿದೆವು. ನಕ್ಕು ಬೇಡ ಎಂದಳು. ‘ಬಹಿನಿ, ಕೂತ್ಕೋ, ಚಳಿ ಇದೆ’ ಎಂದು ಟೀ ಕೊಟ್ಟಳು. ಅವಳ ಗಂಡ ಬೆಂಗಳೂರಿನಲ್ಲಿ ವಾಚ್‌ಮನ್ ಅಂತೆ. ನಂಬರ್ ಕೊಟ್ಟಳು. ನಂತರ ನಾವು ಮುಂದಿನ ಬೀದಿಗೆ ಹೋದೆವು.”

ಎಂಟು ವಾಕ್ಯ. ಹದಿನಾಲ್ಕು ಪುಟದಲ್ಲಿ ಉಸಿರಾಡುತ್ತಿರುವುದು ಇವೇ ಎಂಟು ವಾಕ್ಯ. ಇಲ್ಲಿ ಮಾತ್ರ ಎದುರಿಗಿರುವ ಮನುಷ್ಯಳು ನೀವು ಅಂದುಕೊಂಡ ಹಾಗೆ ನಡೆದುಕೊಳ್ಳಲಿಲ್ಲ. ಕೊಡಲು ಹೋದವರು ನೀವು, ಕೊಟ್ಟವಳು ಅವಳು. ನಿಮ್ಮನ್ನು ತಂಗಿ ಎಂದು ಕರೆದಳು. ಗಂಡನ ಸುದ್ದಿ ಹೇಳಿದಳು. ಸ್ನೇಹ ಅಂತ ನೀವು ಬರಹದುದ್ದಕ್ಕೂ ಹೇಳುತ್ತೀರಲ್ಲ, ಅದು ನಡೆದದ್ದು ಈ ಒಂದು ಕಡೆ. ನೀವು ಅದನ್ನು ‘ಫಲ ಸಿಗದ ಜಾಗ’ ಎಂದು ಬಗೆದು ಮುಂದಿನ ಬೀದಿಗೆ ನಡೆದುಬಿಟ್ಟಿರಿ.

ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಸಮಾರ್ಯದ ಬಾವಿಯ ಹತ್ತಿರ ದಣಿದು ಕೂತ ಯೇಸು ಮೊದಲು ಮಾಡಿದ್ದೇನು? ಆ ಹೆಂಗಸಿನ ಹತ್ತಿರ ಕುಡಿಯಲು ನೀರು ಕೇಳಿದ. ಬೋಧನೆ ಆಮೇಲೆ ಬಂತು. ಬೇರೆ ಜನಾಂಗದವಳ ಕೈಯಿಂದ ತೆಗೆದುಕೊಳ್ಳುವುದರಿಂದ ಆ ಮಾತುಕತೆ ಶುರುವಾಯಿತು. ಪಾಟನ್ನಿನ ಸಂದಿಯಲ್ಲಿ ನಿಮಗೆ ಕೇಳದೆಯೇ ಸಿಕ್ಕಿತು. ನಿಮ್ಮ ಬರಹ ಶುರುವಾಗಬೇಕಾದದ್ದು ಅಲ್ಲಿಂದ.

ನನ್ನ ಅಮ್ಮ 1906ರಲ್ಲಿ ಶುರುವಾದ ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ರಾತ್ರಿ ಪಾಳಿಯಲ್ಲಿ ನಿದ್ದೆ ಬಾರದ ರೋಗಿಗಳ ಹತ್ತಿರ ಹೋಗಿ “ನಿಮಗೋಸ್ಕರ ಒಂದು ಪ್ರಾರ್ಥನೆ ಮಾಡ್ಲಾ ತಾಯಿ?” ಎಂದು ಕೇಳುತ್ತಿದ್ದರಂತೆ. ಹೂಂ ಅಂದರೆ ಮಾಡುವುದು. ಬೇಡ ಅಂದರೆ ಹೊದಿಕೆ ಸರಿಮಾಡಿ, ನೀರು ಬೇಕಾ ಎಂದು ಕೇಳಿ, ಅಲ್ಲೇ ಒಂದು ಗಳಿಗೆ ನಿಲ್ಲುವುದು. ಬೇಡ ಅಂದ ಒಬ್ಬ ಅಜ್ಜಿ, ಮದ್ದೂರು ಕಡೆಯವರು, ವರ್ಷಗಟ್ಟಲೆ ಸಂಕ್ರಾಂತಿಗೆ ನಮ್ಮ ಮನೆಗೆ ಕಬ್ಬಿನ ಜಲ್ಲೆ, ಎಳ್ಳು ಬೆಲ್ಲ ಕಳಿಸುತ್ತಿದ್ದರು. ಅಮ್ಮನಿಗೆ ಪ್ರಾರ್ಥನೆಗೆ ಒಪ್ಪಿದ ಎಷ್ಟೋ ಜನರ ಹೆಸರು ಮರೆತುಹೋಗಿತ್ತು. ಈ ಅಜ್ಜಿಯ ಮೊಮ್ಮಕ್ಕಳ ಹೆಸರೂ ಗೊತ್ತಿತ್ತು.

ಹಾಗಾಗಿ ಆ ಅಂಗಡಿಗೆ ಮನಸ್ಸಿನಲ್ಲೇ ವಾಪಸ್ ಹೋಗಿ ಕೂತುಕೊಳ್ಳಿ. ಅವಳು ಹೇಗೆ ನಕ್ಕಳು? ನಾಚಿಕೆಯ ನಗುವೇ, ಇಂಥವರು ಎಷ್ಟು ಜನ ಬಂದು ಹೋದರೋ ಎನ್ನುವ ನಗುವೇ? ಬೇಡ ಅಂದಾಗ ನಿಮಗೆ ಏನನ್ನಿಸಿತು? ಅವಮಾನವಾಯಿತೇ? ಹಗುರಾಯಿತೇ? ಗಂಡ ದಶೈಂ ಹಬ್ಬಕ್ಕೆ ಊರಿಗೆ ಬಂದು ಹೋಗಿದ್ದನೇ? ನಮ್ಮಲ್ಲಿ ದಸರಾ ನಡೆಯುವ ಹೊತ್ತಿಗೇ ಅವರ ದಶೈಂ. ಮಹಿಷನನ್ನು ಕೊಂದ ದೇವಿಯದೇ ಹಬ್ಬ. ಮೈಸೂರು ಸೀಮೆಯ ಹುಡುಗಿಗೂ ಪಾಟನ್ನಿನ ಹೆಂಗಸಿಗೂ ಕೂತು ಮಾತಾಡಲು ಅದೊಂದೇ ಸಾಕಿತ್ತು. ಜಂಬೂ ಸವಾರಿ ಹೇಗಿರುತ್ತದೆಂದು ನೀವು ಹೇಳಬಹುದಿತ್ತು. ದೊಡ್ಡವರು ಹಣೆಗೆ ಟೀಕಾ ಇಟ್ಟು ಹರಸುವುದು ಹೇಗೆಂದು ಅವಳು ಹೇಳುತ್ತಿದ್ದಳು.

ಇನ್ನೊಂದು ಪ್ರಶ್ನೆ, ಇದು ನಿಮಗೆ ನೋಯಬಹುದು. ಅವಳ ಗಂಡ ಗೇಟು ಕಾಯುತ್ತಿರುವುದು ಬೆಂಗಳೂರಿನಲ್ಲಿ. ಮಂಡ್ಯದಿಂದ ನೂರು ಕಿಲೋಮೀಟರು. ನಂಬರ್ ನಿಮ್ಮ ಹತ್ತಿರ ಇದೆ. ಊರಿಗೆ ಬಂದ ಮೇಲೆ ಫೋನ್ ಮಾಡಿದಿರಾ? “ನಿಮ್ಮ ಮನೆಯಲ್ಲಿ ಟೀ ಕುಡಿದು ಬಂದೆವು, ಅವರು ಚೆನ್ನಾಗಿದ್ದಾರೆ” ಎಂದು ಒಂದು ಮಾತು ಆ ಮನುಷ್ಯನಿಗೆ ಮುಟ್ಟಿತೇ? ಮಾಡಿದ್ದರೆ ಅದು ಈ ಬರಹದ ಎರಡನೇ ಅರ್ಧ. ಮಾಡಿಲ್ಲದಿದ್ದರೆ ಈಗ ಮಾಡಿ. ಬರಹಕ್ಕೋಸ್ಕರ ಅಲ್ಲ.

ತಿದ್ದಲೇಬೇಕಾದ ಒಂದು ತಪ್ಪಿದೆ. “ಪ್ರೀತಿಯ ಸುವಾರ್ತೆ ಕೇಳದ ನಾಡು” ಎಂದು ಬರೆದಿದ್ದೀರಿ. ಅದು ನಿಜವಲ್ಲ. ಯುನೈಟೆಡ್ ಮಿಷನ್ ಎಂಬ ಕ್ರೈಸ್ತ ಸೇವಾಸಂಸ್ಥೆ 1954ರಿಂದ ನೇಪಾಳದಲ್ಲಿ ಆಸ್ಪತ್ರೆ, ಶಾಲೆಗಳ ಕೆಲಸ ಮಾಡಿದೆ. ಮತಾಂತರ ಮಾಡಬಾರದೆಂಬ ಸರ್ಕಾರದ ಷರತ್ತಿಗೆ ಒಪ್ಪಿಯೇ ಆ ಕೆಲಸ ನಡೆಯಿತು. ನೀವು ಉಳಿದುಕೊಂಡಿದ್ದ ಪಾಟನ್ನಿನಲ್ಲಿರುವ ದೊಡ್ಡ ಆಸ್ಪತ್ರೆಯೇ ಆ ಕೈಗಳಿಂದ ಬೆಳೆದದ್ದು. 1990ಕ್ಕೆ ಮೊದಲು ದೀಕ್ಷಾಸ್ನಾನ ಮಾಡಿಸಿದ, ಮಾಡಿಸಿಕೊಂಡ ನೇಪಾಳಿಗಳು ಜೈಲು ಸೇರಿದ್ದಾರೆ. 2021ರ ಜನಗಣತಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಜನ ತಾವು ಕ್ರೈಸ್ತರೆಂದು ಬರೆಸಿದ್ದಾರೆ. ಅಲ್ಲಿ ವಾರದ ರಜೆ ಶನಿವಾರ, ಆದ್ದರಿಂದ ಆರಾಧನೆಯೂ ಶನಿವಾರ. 2015ರ ಏಪ್ರಿಲ್ 25ರ ಭೂಕಂಪ ಆದದ್ದು ಶನಿವಾರ ಮಧ್ಯಾಹ್ನ ಹನ್ನೆರಡಾಗುತ್ತಿದ್ದಾಗ. ಚರ್ಚುಗಳು ತುಂಬಿದ್ದ ಹೊತ್ತು. ಹಾಡುತ್ತಿದ್ದವರ ಮೇಲೆಯೇ ಕಟ್ಟಡಗಳು ಕುಸಿದವು. ಅಂಥ ಸಭೆಯವರ ಮುಂದೆ ನಿಂತು, ನಾವು ಬರುವ ಮೊದಲು ಇಲ್ಲಿ ಏನೂ ಇರಲಿಲ್ಲ ಅನ್ನಲಾದೀತೇ? ನೀವು ಶನಿವಾರದ ಆರಾಧನೆಗೆ ಹೋಗಿದ್ದಿರಿ. “ಜಯ್ ಮಸೀಹ್ ಎಂದು ಕೈಮುಗಿದರು” ಎಂದಷ್ಟೇ ಬರೆದು ಬಿಟ್ಟಿದ್ದೀರಿ. ಆ ಕೈಮುಗಿದವರಲ್ಲಿ ಒಬ್ಬರ ಕಥೆ ಕೇಳಬೇಕಿತ್ತು.

ಅದಕ್ಕಿಂತ ದೊಡ್ಡ ಆತಂಕ ನನಗೆ ನಿಮ್ಮ ಜೊತೆ ತಿರುಗಿದ ಹುಡುಗನದು. ಹತ್ತು ದಿನ ನಿಮ್ಮ ಹಿಂದಿಯನ್ನು ನೇಪಾಳಿಗೆ ತಿರುಗಿಸಿದವನು ಅವನು. ಬರಹದಲ್ಲಿ ಅವನು ಬರುವುದು ಎರಡೇ ಸಲ, ಒಮ್ಮೆ “ನಮ್ಮ ದುಭಾಷಿ”, ಇನ್ನೊಮ್ಮೆ ಪೂರ್ತಿ ಹೆಸರು, ಅವನ ಸಭೆಯ ಹೆಸರು, ಬೀದಿಯ ಗುರುತು, ಜೊತೆಗೆ ಫೋಟೊ. 2015ರ ನೇಪಾಳದ ಸಂವಿಧಾನವೇ ಇನ್ನೊಬ್ಬರ ಮತ ಬದಲಿಸುವುದನ್ನು ತಡೆಯುತ್ತದೆ. 2018ರಲ್ಲಿ ಜಾರಿಗೆ ಬಂದ ಅಪರಾಧ ಸಂಹಿತೆಯಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು, ಐವತ್ತು ಸಾವಿರ ರೂಪಾಯಿವರೆಗೆ ದಂಡ. ವಿದೇಶಿಯರಾದರೆ ಶಿಕ್ಷೆ ಮುಗಿದ ಮೇಲೆ ಗಡೀಪಾರು. ನೀವು ಬರೀ ಪ್ರಾರ್ಥಿಸಿದಿರಿ, ಇರಬಹುದು. ಆದರೆ “ಮೂರು ಆತ್ಮಗಳು ಕರ್ತನ ಕಡೆ ತಿರುಗಿದವು” ಎಂದು ಅವನ ಹೆಸರಿನ ಪಕ್ಕದಲ್ಲೇ ಅಚ್ಚಾದರೆ ಓದುವವರು ಹೇಗೆ ಓದಿಯಾರು? ನೀವು ಮಂಡ್ಯಕ್ಕೆ ಬಂದು ಸೇರಿದಿರಿ. ಅವನು ಅದೇ ಬೀದಿಯಲ್ಲಿ ನಾಳೆ ಬೆಳಿಗ್ಗೆ ಹಾಲು ತರಲು ಹೋಗಬೇಕು. ಹೆಸರು, ಬೀದಿ, ಫೋಟೊ ಎಲ್ಲ ತೆಗೆಯಿರಿ. ಬೇರೆ ಎಲ್ಲಿಗಾದರೂ ಈ ಬರಹ ಕಳಿಸಿದ್ದರೆ ಅವರಿಗೂ ಇಂದೇ ಹೇಳಿ. ಮೂಗು ಸೋರುತ್ತಿರುವ ಮಗುವಿನ ಚಿತ್ರವನ್ನೂ ಬಿಟ್ಟುಬಿಡಿ, ಅದರ ತಾಯಿಯನ್ನು ಕೇಳಿ ತೆಗೆದ ಹಾಗೆ ಕಾಣುವುದಿಲ್ಲ. ನಿಮ್ಮ ಮನೆಯ ಮಗುವನ್ನು ಯಾರಾದರೂ ಹಾಗೆ ತೋರಿಸಿದರೆ ನೀವು ಸುಮ್ಮನಿರುವುದಿಲ್ಲ.

ಹತ್ತಿರದಲ್ಲೇ ಒಂದು ಜಾಗ ಇದೆ, ಮತ್ತೆ ಬರೆಯುವ ಮೊದಲು ಹೋಗಿ ಬನ್ನಿ. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬಾಯ್ ಚರ್ಚು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಫ್ರಾನ್ಸಿನ ಆ ಪಾದ್ರಿ ಇಲ್ಲಿಗೆ ಬಂದ. ನಿಮ್ಮ ಹಾಗೇ ಪರದೇಶಕ್ಕೆ ಹೋದವನು, ಆದರೆ ಹತ್ತು ದಿನಕ್ಕಲ್ಲ. ಅದಕ್ಕೆ ಮೊದಲಿನದೂ ಸೇರಿ ಈ ದೇಶದಲ್ಲಿ ಮೂವತ್ತು ವರ್ಷ ಇದ್ದ. ನಮ್ಮವರ ಹಾಗೆ ಉಟ್ಟ, ಉಂಡ. ಸಿಡುಬಿಗೆ ಲಸಿಕೆ ಹಾಕಿಸಲು ಓಡಾಡಿದ. ಜನ ದೊಡ್ಡ ಸ್ವಾಮಿಯವರು ಎಂದು ಕರೆದರು. ಇಲ್ಲಿನವರ ಬಗ್ಗೆ ಅವನು ಬರೆದದ್ದರಲ್ಲಿ ಕಟುವಾದದ್ದು, ಒಪ್ಪಲಾಗದ್ದು ಬಹಳ ಇದೆ. ಬಹುಪಾಲು ಹಿಂದಿನ ಇನ್ನೊಬ್ಬ ಪಾದ್ರಿಯ ಬರಹದಿಂದ ತೆಗೆದದ್ದು ಎಂದೂ ಆಮೇಲೆ ವಿದ್ವಾಂಸರು ತೋರಿಸಿದರು. ಆದರೆ 1823ರಲ್ಲಿ ಊರಿಗೆ ಮರಳಿದಾಗ, ಹಿಂದೂಗಳನ್ನು ಮತಾಂತರಿಸುವ ಕೆಲಸ ಆಗದು, ತನ್ನ ಪ್ರಯತ್ನ ಫಲಿಸಲಿಲ್ಲ ಎಂದು ಬಹಿರಂಗವಾಗಿ ಒಪ್ಪಿಕೊಂಡ. ಮೂವತ್ತು ವರ್ಷ ಇದ್ದವನು ಲೆಕ್ಕ ಹಿಡಿದು ಹೆಮ್ಮೆಪಡಲಿಲ್ಲ. ಆ ಚರ್ಚಿನ ಒಳಗೆ ಸ್ವಲ್ಪ ಹೊತ್ತು ಕೂತರೆ ನಲವತ್ತಾರು ಎನ್ನುವ ಸಂಖ್ಯೆಯನ್ನು ನೀವೇ ಹೊಡೆದು ಹಾಕುತ್ತೀರಿ ಎಂದು ನನಗೆ ನಂಬಿಕೆ.

ಹೊಸದಾಗಿ ಬರೆಯುವಾಗ ಆರು ಪುಟ ಮೀರಬೇಡಿ. ಟೀ ಅಂಗಡಿಯಿಂದ ಶುರುಮಾಡಿ. ದುಭಾಷಿ ಹುಡುಗ ಇರಲಿ, ಹೆಸರಿಲ್ಲದೆ, ಆದರೆ ಮನುಷ್ಯನಾಗಿ: ಅವನ ಚಪ್ಪಲಿ, ಅವನ ತಮಾಷೆ, ನಿಮ್ಮ ಯಾವ ಮಾತನ್ನು ನೇಪಾಳಿಗೆ ತಿರುಗಿಸಲು ಅವನು ತಡವರಿಸಿದ. ನೀವು ಪ್ರಾರ್ಥಿಸಿದ್ದನ್ನು ಮುಚ್ಚಿಡಬೇಡಿ. ನಮ್ಮ ಓದುಗರು ಏನಂದುಕೊಂಡಾರು ಎಂದು ನಂಬಿಕೆಯನ್ನು ತೆಳು ಮಾಡಬೇಡಿ. ಕೈ ಹಿಡಿದು ಕಣ್ಣುಮುಚ್ಚಿದಾಗ ಆ ಕೈ ಬಿಸಿಯಿತ್ತೇ, ಒರಟಿತ್ತೇ, ಅದು ಬರಲಿ. ರಾತ್ರಿ ತಂಗುದಾಣಕ್ಕೆ ಬಂದ ಮೇಲೆ ಬೇಡ ಅಂದವಳಿಗಾಗಿಯೂ ಪ್ರಾರ್ಥಿಸಿದ್ದರೆ ಅದೂ ಬರಲಿ. ಬಹುಶಃ ಪ್ರಾರ್ಥಿಸಿರುತ್ತೀರಿ. ಬರೆಯುವಷ್ಟು ದೊಡ್ಡದಲ್ಲ ಅಂದುಕೊಂಡಿರಿ.

ಯುಗಾದಿಯ ಒಳಗೆ ಕಳಿಸಿದರೆ ನಾನೇ ಕೂತು ಓದುತ್ತೇನೆ. ಮೈಸೂರಿಗೆ ಬಂದಾಗ ಮುಂಚೆ ಒಂದು ಫೋನ್ ಮಾಡಿ ಮನೆಗೇ ಬನ್ನಿ, ಸಾಲು ಸಾಲಾಗಿ ನೋಡೋಣ.

ಮತ್ತೆ, ಆ ಟೀಗೆ ದುಡ್ಡು ಕೊಟ್ಟಿರೋ, ಅವಳು ತೆಗೆದುಕೊಂಡಳೋ, ಅದನ್ನು ಮರೆಯದೆ ಬರೆಯಿರಿ.

ನಿಮ್ಮ,
ಸಂಪಾದಕಿ