ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ

ಪ್ರಶ್ನೆ: ನನಗೆ 34 ವರ್ಷ. ದೊಡ್ಡ ಕಂಪನಿ, ಒಳ್ಳೆಯ ಸಂಬಳ. ಬೇರೆ ಬೇರೆ ವಿಭಾಗದವರು ಕಳಿಸುವ ಅಂಕಿಗಳನ್ನು ಒಟ್ಟುಮಾಡಿ ಸ್ಲೈಡ್ ಮಾಡುವುದು ನನ್ನ ಕೆಲಸ. ಸೋಮವಾರದ ಮೀಟಿಂಗ್‌ನಲ್ಲಿ ತೋರಿಸುತ್ತಾರೆ. ಬಣ್ಣ ಬದಲಿಸಿ ಎನ್ನುತ್ತಾರೆ. ಮುಂದಿನ ಸೋಮವಾರ ಮತ್ತೆ ಅದೇ. ಹೋದ ತಿಂಗಳು ಜ್ವರ ಬಂದು ಎರಡು ವಾರ ರಜೆ ಹಾಕಿದ್ದೆ. ವಾಪಸ್ ಬಂದಾಗ ಒಂದೇ ಒಂದು ಬಾಕಿ ಕೆಲಸ ಇರಲಿಲ್ಲ. ಯಾರೂ ಏನೂ ಕೇಳಲೂ ಇಲ್ಲ. ಬಾತ್‌ರೂಮಿಗೆ ಹೋಗಿ ಅತ್ತೆ. ಮನೆಯಲ್ಲಿ ಹೇಳಿದರೆ, ‘ಎಷ್ಟೋ ಜನಕ್ಕೆ ಕೆಲಸವೇ ಇಲ್ಲ, ನಿನಗೇನು ಕಡಿಮೆ?’ ಎನ್ನುತ್ತಾರೆ. ಕೆಲಸ ಬಿಟ್ಟುಬಿಡಲೇ?
– ಹೆಸರು ಬೇಡ

ಉತ್ತರ: ಬಾಕಿ ಕೆಲಸ ಇಲ್ಲ ಎಂದು ಅತ್ತೆ ಎಂದಿರಲ್ಲ, ಆ ಸಾಲನ್ನು ಮೂರು ಸಲ ಓದಿದೆ. ಆ ಅಳು ನನಗೆ ಗೊತ್ತು.

ಈ ಅಂಕಣ ಬರೆಯುವುದಕ್ಕೆ ಮುಂಚೆ ನಾನು ಒಂದು ಕಚೇರಿಯಲ್ಲಿ ಏಳು ವರ್ಷ ತಿಂಗಳ ವರದಿ ಬರೆಯುತ್ತಿದ್ದೆ. 22 ಪುಟ. ತಿಂಗಳ ಕೊನೆಯ ಐದು ದಿನ ಅದಕ್ಕೇ ಹೋಗುತ್ತಿತ್ತು. ಒಮ್ಮೆ ಏನೋ ಹುಡುಕುವಾಗ ಗೊತ್ತಾಯಿತು, ಆರು ತಿಂಗಳಿಂದ ನಾನು ಮಾರ್ಚ್ ತಿಂಗಳ ವರದಿಯನ್ನೇ ಕಳಿಸುತ್ತಿದ್ದೆ. ಪ್ರತಿ ತಿಂಗಳೂ ಹೊಸದು ಬರೆದಿದ್ದೆ. ಆದರೆ ಇಮೇಲ್ ಜೊತೆ ಹೋಗುತ್ತಿದ್ದದ್ದು ಹಳೇ ಫೈಲು. ಪಟ್ಟಿಯಲ್ಲಿ 14 ಜನ. ಒಬ್ಬರೂ ಕೇಳಿರಲಿಲ್ಲ. ಹೆದರಿಕೊಂಡು ಮೇಲಿನವರ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. ‘ಪರವಾಗಿಲ್ಲ ಬಿಡಿ’ ಎಂದರು. ಅವರು ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ಹಾಗಾಗಿ ‘ನಿನಗೇನು ಕಡಿಮೆ’ ಎನ್ನುವ ಮಾತನ್ನು ಮೊದಲು ಪಕ್ಕಕ್ಕಿಡಿ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದವರಿಗೆ ಕೈ ನೋಯುವುದಿಲ್ಲವೇ? ಸಂಬಳ ಬಂದ ಮಾತ್ರಕ್ಕೆ ಆ ನೋವು ಹೋಗುವುದಿಲ್ಲ. ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಮನುಷ್ಯರ ನಡವಳಿಕೆ ಅಧ್ಯಯನ ಮಾಡುವ ಡ್ಯಾನ್ ಏರಿಯಲಿ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಲೆಗೊ ತುಂಡುಗಳಿಂದ ಗೊಂಬೆ ಜೋಡಿಸಬೇಕು, ಒಂದೊಂದಕ್ಕೂ ದುಡ್ಡು. ಸಾಕು ಅನ್ನಿಸಿದಾಗ ಎದ್ದು ಹೋಗಬಹುದು. ಒಂದು ಗುಂಪಿನವರು ಮಾಡಿದ ಗೊಂಬೆಗಳು ಮೇಜಿನ ಮೇಲೆ ಸಾಲಾಗಿ ನಿಂತಿರುತ್ತಿದ್ದವು. ಇನ್ನೊಂದು ಗುಂಪಿನವರದನ್ನು ಅವರ ಕಣ್ಣೆದುರೇ ಬಿಚ್ಚಿ, ಮತ್ತೆ ಜೋಡಿಸಲು ಕೊಡುತ್ತಿದ್ದರು. ದುಡ್ಡು ಇಬ್ಬರಿಗೂ ಒಂದೇ ಲೆಕ್ಕ. ಮೊದಲಿನವರು ಸರಾಸರಿ 11ರ ಹತ್ತಿರ ಮಾಡಿದರು, ಎರಡನೆಯವರು 7ಕ್ಕೇ ಕೈಬಿಟ್ಟರು. ನಿಮ್ಮ ಸೋಮವಾರಗಳ ಬಗ್ಗೆ ಓದುವಾಗ ನನಗೆ ನೆನಪಾದದ್ದು ಆ ಎರಡನೇ ಗುಂಪು.

ನೀವು ಒಂಟಿಯೂ ಅಲ್ಲ. ಮಾನವಶಾಸ್ತ್ರಜ್ಞ ಡೇವಿಡ್ ಗ್ರೇಬರ್ 2013ರಲ್ಲಿ ಒಂದು ಲೇಖನ ಬರೆದರು. ಮಾಡುವವರಿಗೇ ಬೇಡ ಅನ್ನಿಸುವ, ಆದರೂ ಬೇಕು ಎಂದು ನಟಿಸಬೇಕಾದ ಕೆಲಸಗಳ ಬಗ್ಗೆ. ಅದು ಎಷ್ಟು ಓಡಿತೆಂದರೆ, 2015ರಲ್ಲಿ ಬ್ರಿಟನ್ನಿನಲ್ಲಿ ಒಂದು ಸಮೀಕ್ಷೆಯೇ ನಡೆಯಿತು. ತಮ್ಮ ಕೆಲಸದಿಂದ ಜಗತ್ತಿಗೆ ಹೇಳಿಕೊಳ್ಳುವಂಥ ಉಪಯೋಗ ಇಲ್ಲ ಎಂದವರು ಶೇ 37. ಆದರೆ ‘ಜಗತ್ತಿಗೆ’ ಎಂದು ಕೇಳಿದರೆ ಯಾರ ತಲೆಯೂ ತಗ್ಗುತ್ತದೆ, ಅಲ್ವಾ? ಅದೇ ವರ್ಷದ ಯುರೋಪಿನ ದೊಡ್ಡ ಸಮೀಕ್ಷೆಯನ್ನು ಮೂವರು ಸಂಶೋಧಕರು 2021ರಲ್ಲಿ ಕೂತು ನೋಡಿದರು. ಅಲ್ಲಿ ಇದ್ದ ಪ್ರಶ್ನೆ ‘ಉಪಯೋಗದ ಕೆಲಸ ಮಾಡುತ್ತಿದ್ದೇನೆ ಅನ್ನಿಸುತ್ತದೆಯೇ’ ಎಂದಷ್ಟೇ. ಇಲ್ಲ ಎಂದವರು ಶೇ 5ಕ್ಕಿಂತ ಕಡಿಮೆ. ಮೇಲಿನವರು ಗೌರವ ಕೊಡದ, ಸ್ವಂತ ಬುದ್ಧಿ ಬಳಸಲು ಬಿಡದ ಕಡೆ ಈ ಭಾವನೆ ಜಾಸ್ತಿ ಇತ್ತು.

ಈ ಎರಡನೇ ಸಮೀಕ್ಷೆ ನನಗೆ ಹೆಚ್ಚು ಮುಖ್ಯ. ಕೆಲಸವೇ ಪೊಳ್ಳಾಗಿರುವುದು ಬೇರೆ. ಕೆಲಸದ ಇನ್ನೊಂದು ತುದಿಯಲ್ಲಿ ಇರುವ ಮನುಷ್ಯ ನಮಗೆ ಕಾಣದೇ ಇರುವುದು ಬೇರೆ. ಒಳಗಿನಿಂದ ಎರಡೂ ಒಂದೇ ಥರ ನೋಯುತ್ತವೆ. ನಿಮ್ಮದು ಯಾವುದು ಎಂದು ತಿಳಿಯುವ ತನಕ ರಾಜೀನಾಮೆ ಬರೆಯಬೇಡಿ.

ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಫೋನಿನಲ್ಲಿ ದೇಣಿಗೆ ಕೇಳುವವರ ಬಗ್ಗೆ ಮನಃಶಾಸ್ತ್ರಜ್ಞ ಆಡಂ ಗ್ರ್ಯಾಂಟ್ 2007ರಲ್ಲಿ ಬರೆದಿದ್ದಾರೆ. ಇಡೀ ದಿನ ಬೇಡ ಅನ್ನಿಸಿಕೊಳ್ಳುವ ಕೆಲಸ. ಆ ದುಡ್ಡಿನಿಂದ ಓದುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಕರೆಸಿ, ಕೆಲವರಿಗೆ ಐದೇ ನಿಮಿಷ ಮಾತಾಡಲು ಬಿಟ್ಟರು. ಒಂದು ತಿಂಗಳ ನಂತರ ಅವರು ಫೋನಿನಲ್ಲಿ ಕಳೆಯುವ ಹೊತ್ತು ಎರಡು ಪಟ್ಟಿಗೂ ಜಾಸ್ತಿಯಾಗಿತ್ತು. ಸಂಬಳ ಏರಿರಲಿಲ್ಲ.

ನೀವು ಹೀಗೆ ಮಾಡಿ. ನಿಮ್ಮ ಸ್ಲೈಡಿನಿಂದ ಒಂದೇ ಒಂದು ಅಂಕಿ ಆರಿಸಿಕೊಳ್ಳಿ. ಅದನ್ನು ಎಣಿಸಿದವರು ಯಾರು? ಅದನ್ನು ನೋಡಿ ಯಾರಾದರೂ ಏನನ್ನಾದರೂ ಬದಲಿಸಿದ್ದಾರಾ? ಮೂರು ವಾರ ಸುಮ್ನೆ ಆ ದಾರದ ಹಿಂದೆ ಹೋಗಿ. ನಾಚಿಕೆ ಬೇಡ, ಜನ ಸಂತೋಷದಿಂದಲೇ ಹೇಳುತ್ತಾರೆ.

ನಾನು ಹಾಗೆ ಹೋದಾಗ 22 ಪುಟದಲ್ಲಿ 21ಕ್ಕೆ ಯಾರೂ ದಿಕ್ಕಿಲ್ಲ ಎಂದು ಗೊತ್ತಾಯಿತು. 17ನೇ ಪುಟ ಮಾತ್ರ, ದೂರುಗಳ ಪುಟ, ಒಬ್ಬರಿಗೆ ಬೇಕಿತ್ತು. ದೂರು ವಿಭಾಗದ ಆ ಹೆಂಗಸು ವರದಿಗೆ ಕಾಯುತ್ತಿರಲಿಲ್ಲ, ಪ್ರತಿ ತಿಂಗಳೂ ನನಗೇ ಫೋನ್ ಮಾಡಿ ಅಂಕಿ ಬರೆದುಕೊಳ್ಳುತ್ತಿದ್ದರು. ಅದನ್ನು ಕಿರಿಕಿರಿ ಎಂದುಕೊಂಡಿದ್ದೆ ನಾನು! ಆ ವಿಭಾಗಕ್ಕೆ ಹಾಕಿ ಎಂದು ಕೇಳಿಕೊಂಡೆ. ಬಡ್ತಿ ಕೈತಪ್ಪಿತು. ಅಲ್ಲಿ ಮೊದಲ ತಿಂಗಳೇ ಒಬ್ಬ ವಯಸ್ಸಾದವರ ಕಾಗದ ಸಿಕ್ಕಿತು. ಹೆಸರಿನಲ್ಲಿ ಒಂದು ಅಕ್ಷರ ತಪ್ಪಾಗಿ ಅವರಿಗೆ ಬರಬೇಕಾದ ಹಣ ನಿಂತಿತ್ತು. ಸರಿ ಮಾಡಿಸಲು 11 ದಿನ ಓಡಾಡಿದೆ. ಕೊನೆಗೆ ಅವರೇ ಫೋನ್ ಮಾಡಿದರು. ‘ಬಂತಮ್ಮ’ ಎಂದರು, ಇಟ್ಟರು. ಆ ರಾತ್ರಿ ಎಷ್ಟೋ ವರ್ಷದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ನಿಮ್ಮ ದಾರದ ತುದಿಯಲ್ಲಿ ಯಾರಾದರೂ ಸಿಕ್ಕರೆ ಅವರ ಹತ್ತಿರದ ಕೆಲಸ ಕೇಳಿ ಪಡೆಯಿರಿ. ಯಾರೂ ಸಿಗದಿದ್ದರೆ ಹೊರಡಿ. ಆದರೆ ಆರು ತಿಂಗಳ ಖರ್ಚು ಕೂಡಿಟ್ಟುಕೊಂಡು ಹೊರಡಿ, ಇಲ್ಲದಿದ್ದರೆ ಸಿಕ್ಕಿದ ಮೊದಲ ಕೆಲಸಕ್ಕೆ ಕುತ್ತಿಗೆ ಕೊಡಬೇಕಾಗುತ್ತದೆ. ಚೆಲ್ಲಾಪಿಲ್ಲಿ ಅಂಕಿಗಳನ್ನು ಜನಕ್ಕೆ ಅರ್ಥವಾಗುವ ಹಾಗೆ ಜೋಡಿಸಲು ನಿಮಗೆ ಬರುತ್ತದೆ. ಆಸ್ಪತ್ರೆ, ಶಾಲೆ, ನೀರು ಸರಬರಾಜು, ಎಲ್ಲ ಕಡೆಯೂ ಅದು ಬಂದವರು ಬೇಕು.

ಪ್ರಶ್ನೆ: ನಾನು ಆಸ್ಪತ್ರೆಯಲ್ಲಿ ವಾರ್ಡ್ ಒರೆಸುವವಳು. ಎಲ್ಲರೂ ‘ಬೇರೆ ಒಳ್ಳೇ ಕೆಲಸ ನೋಡ್ಕೋ’ ಎನ್ನುತ್ತಾರೆ. ನನಗೆ ಈ ಕೆಲಸ ಇಷ್ಟ. ಹಾಗಂತ ಹೇಳಲು ಮಾತ್ರ ಸಂಕೋಚ.

ಉತ್ತರ: ಸಂಕೋಚ ಪಡಬೇಡಿ ಅಕ್ಕ. ನೀವು ಒರೆಸದೆ ಹೋದರೆ ಒಬ್ಬ ರೋಗಿಯ ಸೋಂಕು ಇನ್ನೊಬ್ಬರಿಗೆ ಹತ್ತುತ್ತದೆ. ಮೇಲಿನ ಪತ್ರದವರು ಹುಡುಕುತ್ತಿರುವುದು ನಿಮ್ಮ ಕೈಯಲ್ಲಿದೆ.

ಆಸ್ಪತ್ರೆ ಸ್ವಚ್ಛ ಮಾಡುವವರನ್ನೇ ಮಾತಾಡಿಸಿ ಏಮಿ ರೆಸ್ನೆವ್‌ಸ್ಕಿ ಮತ್ತು ಜೇನ್ ಡಟ್ಟನ್ ಎಂಬ ಇಬ್ಬರು ಸಂಶೋಧಕಿಯರು 2001ರಲ್ಲಿ ಬರೆದಿದ್ದಾರೆ. ಕೆಲವರು ತಾವು ನೆಲ ಒರೆಸುತ್ತೇವೆ ಎಂದರು. ಕೆಲವರು ರೋಗಿ ಗುಣವಾಗಲು ಕೈಜೋಡಿಸುತ್ತೇವೆ ಎಂದರು, ರೋಗಿಗಳ ಜೊತೆ ಮಾತಾಡುತ್ತಿದ್ದರು, ನರ್ಸ್‌ಗಳ ಕೆಲಸ ನೋಡಿಕೊಂಡು ತಮ್ಮ ಸಮಯ ಹೊಂದಿಸಿಕೊಳ್ಳುತ್ತಿದ್ದರು. ನೀವು ಎರಡನೇ ಥರದವರು ಎಂದು ನಿಮ್ಮ ಕಾಗದ ಓದಿದರೇ ತಿಳಿಯುತ್ತದೆ. ಆದರೆ ಒಂದು ಮಾತು. ಇಷ್ಟ ಎಂದ ಮೇಲೆ ಗ್ಲೌಸ್ ಯಾಕೆ, ವಾರದ ರಜೆ ಯಾಕೆ ಎಂದು ಯಾರಾದರೂ ಅಂದರೆ ಬಿಟ್ಟುಕೊಡಬೇಡಿ. ಎರಡನ್ನೂ ಕೇಳಿ ಪಡೆಯಿರಿ.

ಪ್ರಶ್ನೆ: ಮೂರನೇ ಒಂದು ಪಾಲು ಸಂಬಳಕ್ಕೆ ಒಂದು ಸೇವಾಸಂಸ್ಥೆ ಸೇರಬೇಕೆಂದಿದ್ದೇನೆ. ಮನಸ್ಸಿಗೆ ತೃಪ್ತಿ ಇರುತ್ತದೆ ತಾನೆ?

ಉತ್ತರ: ಇರಬಹುದು. ಆದರೆ ಮೃಗಾಲಯದ ಪ್ರಾಣಿಪಾಲಕರ ಬಗ್ಗೆ 2009ರಲ್ಲಿ ಬಂದ ಒಂದು ಅಧ್ಯಯನ ನಿಮಗೆ ಗೊತ್ತಿರಲಿ. ತಾವು ಹುಟ್ಟಿರುವುದೇ ಈ ಕೆಲಸಕ್ಕೆ ಎಂದುಕೊಂಡವರು ಕಡಿಮೆ ಸಂಬಳವನ್ನೂ, ತಮ್ಮ ಹೊತ್ತಿನ ಮೇಲೆ ಬಿದ್ದ ಭಾರವನ್ನೂ ಒಪ್ಪಿಕೊಂಡಿದ್ದರು. ಆಡಳಿತ ಅದನ್ನು ದುರುಪಯೋಗ ಮಾಡಿಕೊಳ್ಳುತ್ತದೆ ಎಂಬ ಭಯವೂ ಅವರಿಗಿತ್ತು. ಸೇರುವ ಮುಂಚೆ ಕೆಲಸದ ಸಮಯ, ರಜೆ, ಸಂಬಳ ಎಲ್ಲ ಬರಹದಲ್ಲಿ ಪಡೆಯಿರಿ. ಆ ಜಾಗದಲ್ಲಿ ನಿಮಗಿಂತ ಮುಂಚೆ ಇದ್ದವರು ಯಾಕೆ ಬಿಟ್ಟರು ಎಂದು ಅವರನ್ನೇ ಕೇಳಿ. ಏನು ಹೇಳಿದರು ಎಂದು ನನಗೂ ಬರೆಯಿರಿ.